ವರ್ಷದ ಬೆಳೆ, ತಿಂಗಳ ಬಿಲ್ಲು: ಕ್ರೆಡಿಟ್ ಕಾರ್ಡು ಆರಿಸುವ ಮುನ್ನ ತಿಳಿದಿರಬೇಕಾದ ಕೆಲವು ವಿಷಯಗಳು



ಈ ಪುಟದಲ್ಲಿ ಬೀಜೋಪಚಾರ, ಕೂಳೆ ಬೆಳೆಯ ಆರೈಕೆ, ಗೊಣ್ಣೆಹುಳುವಿನ ಹತೋಟಿ ಮುಂತಾದ ವಿಷಯಗಳನ್ನು ತಮ್ಮ ಮುಂದಿಡುವುದು ವಾಡಿಕೆ. ಈ ಸಲ ಬೆಳೆಯನ್ನು ಬಿಟ್ಟು ಬೆಳೆಯ ಹಣದ ಬಗ್ಗೆ ಬರೆಯುತ್ತಿದ್ದೇನೆ. ಅದಕ್ಕೆ ಕಾರಣವಾದ ಸಂಗತಿಯನ್ನು ಮೊದಲು ಹೇಳುತ್ತೇನೆ.

ಕಬ್ಬಿನ ನೋಂದಣಿಯ ಕೆಲಸಕ್ಕೆಂದು ಗಡಿಯ ಕಡೆ ಹೋದವನು ವಯನಾಡು ಜಿಲ್ಲೆಯ ಕೊಳವಳ್ಳಿಯಲ್ಲಿರುವ ನಮ್ಮ ಸದಸ್ಯರೊಬ್ಬರ ಮನೆಗೆ ಹೋಗಬೇಕಾಯಿತು. ಕೊಳವಳ್ಳಿ ಕೇರಳಕ್ಕೆ ಸೇರಿದ್ದರೂ ಕರ್ನಾಟಕದ ಗಡಿಗೆ ಹೊಂದಿಕೊಂಡ ಊರು. ಈ ಸದಸ್ಯರಿಗೆ ಅಲ್ಲಿ ಮನೆ, ಸ್ವಲ್ಪ ಕಾಫಿ, ಮೆಣಸು, ಎರಡು ಹಸು. ಈಚೆ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ತಾಯಿಯ ಕಡೆಯಿಂದ ಬಂದ ಎರಡೂವರೆ ಎಕರೆಯಲ್ಲಿ ಕಬ್ಬು. ಅದಲ್ಲದೆ ಬಾಯಿಮಾತಿನ ಗುತ್ತಿಗೆಯ ಜಮೀನಿನಲ್ಲಿ ಶುಂಠಿ. ಕಾಗದಪತ್ರ ನೋಡಿ ಮುಗಿಸಿ ಕಾಫಿ ಕುಡಿಯುತ್ತಿರುವಾಗ ಅವರು ಒಳಗಿನಿಂದ ಮೂರು ಬಣ್ಣದ ಕರಪತ್ರ ತಂದು ಜಗುಲಿಯ ಮೇಲಿಟ್ಟರು.

“ಸಾರ್, ಮೂರು ಬ್ಯಾಂಕಿನವ್ರೂ ಕಾರ್ಡು ಕೊಡ್ತೀವಿ ಅಂತವ್ರೆ. ಒಂದ್ರಲ್ಲಿ ಡೀಸೆಲ್‌ಗೆ ಉಳಿತಾಯ, ಒಂದ್ರಲ್ಲಿ ಪಾಯಿಂಟು, ಇನ್ನೊಂದ್ರಲ್ಲಿ ವಿಮಾನ ನಿಲ್ದಾಣದಲ್ಲಿ ಪುಕ್ಕಟೆ ಊಟವಂತೆ. ಯಾವ್ದು ತಗೊಳ್ಳೋದು? ಮೂರಕ್ಕೂ ಅರ್ಜಿ ಹಾಕಿ, ಬಂದಿದ್ದು ಬರ್ಲಿ ಅಂತ ಇಟ್ಕೊಳ್ಳೋದಾ?”

ಇದು ಅವರೊಬ್ಬರ ಪ್ರಶ್ನೆಯಲ್ಲ. ಪೆಟ್ರೋಲ್ ಬಂಕಿನಲ್ಲಿ, ಸಂತೆಯಲ್ಲಿ, ಕೊನೆಗೆ ನಮ್ಮ ತೂಕದ ಸೇತುವೆಯ ಬಳಿ ಗಾಡಿ ಸಾಲು ನಿಂತಿರುವಾಗಲೂ ಇಂತಹ ಕರಪತ್ರ ಹಂಚುವವರು ಬರುತ್ತಿದ್ದಾರೆ. ಆದುದರಿಂದ ಅಂದು ಅವರಿಗೆ ಹೇಳಿದುದನ್ನೂ, ಅಂದು ನನಗೇ ತಿಳಿದುಬಂದುದನ್ನೂ ಇಲ್ಲಿ ಎಲ್ಲ ಸದಸ್ಯರಿಗಾಗಿ ಬರೆಯುತ್ತಿದ್ದೇನೆ.

ಕಾರ್ಡು ಎಂದರೆ ಉದ್ರಿ

ಕ್ರೆಡಿಟ್ ಕಾರ್ಡು ಎಂಬುದು ಅಂಗಡಿಯ ಉದ್ರಿ ಲೆಕ್ಕವೇ ಹೊರತು ಬೇರೇನೂ ಅಲ್ಲ. ನಾವು ಸಾಮಾನು ಕೊಂಡಾಗ ಬ್ಯಾಂಕು ಅಂಗಡಿಯವನಿಗೆ ಹಣ ಕೊಡುತ್ತದೆ. ತಿಂಗಳಿಗೊಮ್ಮೆ ನಮಗೆ ಬಿಲ್ಲು ಬರುತ್ತದೆ. ಬಿಲ್ಲಿನಲ್ಲಿ ಕಾಣಿಸಿದ ಕಡೆಯ ದಿನಾಂಕದೊಳಗೆ ಪೂರ್ತಿ ಹಣ ಕಟ್ಟಿದರೆ ಬಡ್ಡಿ ಇಲ್ಲ. ಕೊಂಡ ದಿನದಿಂದ ಲೆಕ್ಕ ಹಾಕಿದರೆ ಹೆಚ್ಚೆಂದರೆ 45 ರಿಂದ 50 ದಿನಗಳ ಬಡ್ಡಿರಹಿತ ಉದ್ರಿ ಸಿಕ್ಕಂತಾಯಿತು. ಇದು ನಿಜವಾಗಿಯೂ ಉಪಯುಕ್ತ ಸೌಲಭ್ಯ.

ತೊಡಕು ಇರುವುದು “ಪೂರ್ತಿ” ಎಂಬ ಮಾತಿನಲ್ಲಿ. ಬಿಲ್ಲಿನಲ್ಲಿ ಎರಡು ಮೊತ್ತ ಅಚ್ಚಾಗಿರುತ್ತವೆ. ಒಂದು ಒಟ್ಟು ಬಾಕಿ. ಇನ್ನೊಂದು “ಕನಿಷ್ಠ ಪಾವತಿ”, ಅದು ಸಾಮಾನ್ಯವಾಗಿ ಬಾಕಿಯ ನೂರಕ್ಕೆ ಐದರಷ್ಟು. ಕನಿಷ್ಠ ಕಟ್ಟಿದರೆ ತಮ್ಮನ್ನು ಸುಸ್ತಿದಾರರೆಂದು ಬರೆಯುವುದಿಲ್ಲ ನಿಜ. ಆದರೆ ಉಳಿದ ಬಾಕಿಗೆ ಬಡ್ಡಿ ಕೊಂಡ ದಿನದಿಂದಲೇ ಬೀಳುತ್ತದೆ. ಅಷ್ಟೇ ಅಲ್ಲ, ಹಳೆಯ ಬಾಕಿ ತೀರುವವರೆಗೆ ಹೊಸದಾಗಿ ಕೊಂಡದ್ದಕ್ಕೂ ಬಡ್ಡಿರಹಿತ ದಿನಗಳು ಇಲ್ಲವಾಗುತ್ತವೆ.

ಬಡ್ಡಿ ಎಷ್ಟು? ಹೆಚ್ಚಿನ ಕಾರ್ಡುಗಳಲ್ಲಿ ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿ, ಕೆಲವುಗಳಲ್ಲಿ ಮೂರೂ ಮುಕ್ಕಾಲು. ಈ ಬಡ್ಡಿಯ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. ಎರಡೂ ಸೇರಿ ನೂರು ರೂಪಾಯಿಗೆ ತಿಂಗಳಿಗೆ ನಾಲ್ಕು ರೂಪಾಯಿ ಹದಿಮೂರು ಪೈಸೆ. ನಮ್ಮ ಊರುಗಳಲ್ಲಿ “ಮೂರು ರೂಪಾಯಿ ಬಡ್ಡಿ” ಎಂದರೆ ಜನ ಬೆಚ್ಚುತ್ತಾರೆ, ಅಂತಹ ಸಾಲಗಾರನ ಮನೆಗೆ ಹೆಣ್ಣು ಕೊಡಲೂ ಯೋಚಿಸುತ್ತಾರೆ. ಅದಕ್ಕಿಂತ ಹೆಚ್ಚಿನ ಬಡ್ಡಿಯ ಚೀಟಿಯನ್ನು ಹೊಳೆಯುವ ಲಕೋಟೆಯಲ್ಲಿ ಮನೆಗೇ ತಂದುಕೊಡುತ್ತಾರೆ ಎಂಬುದನ್ನು ಗಮನಿಸಬೇಕು. ಕಾರ್ಡಿನ ಬಡ್ಡಿ ವರ್ಷಕ್ಕೆ ನೂರಕ್ಕೆ 30 ಮೀರಬಾರದೆಂದು ರಾಷ್ಟ್ರೀಯ ಗ್ರಾಹಕರ ಆಯೋಗವು 2008ರಲ್ಲಿ ಕೊಟ್ಟಿದ್ದ ತೀರ್ಪನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರ್ 20ರಂದು ರದ್ದುಪಡಿಸಿತು. ಆದುದರಿಂದ ಈಗ ಆ ಮಿತಿಯೂ ಇಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಒಬ್ಬರು ಗೊಬ್ಬರ, ಡೀಸೆಲು, ಪೈಪು ಎಂದು 30,000 ರೂ. ಕಾರ್ಡಿನಲ್ಲಿ ಖರ್ಚು ಮಾಡಿದರು. “ಕಬ್ಬಿನ ಬಿಲ್ಲು ಬಂದಾಗ ಕಟ್ಟಿದರಾಯಿತು, ಅಲ್ಲಿಯವರೆಗೆ ಕನಿಷ್ಠ ಕಟ್ಟೋಣ” ಎಂದುಕೊಂಡರು. ಮೊದಲ ತಿಂಗಳು ಕನಿಷ್ಠ 1,500 ರೂ. ಕಟ್ಟಿದರು. ಆ ತಿಂಗಳ ಬಡ್ಡಿ 1,050 ರೂ., ತೆರಿಗೆ 189 ರೂ., ಒಟ್ಟು 1,239 ರೂ. ಕಟ್ಟಿದ 1,500ರಲ್ಲಿ ಅಸಲಿಗೆ ಹೋದದ್ದು 261 ರೂ. ಮಾತ್ರ! ಹೀಗೇ ಹತ್ತು ತಿಂಗಳು ನಡೆದರೆ ಬಡ್ಡಿ ಮತ್ತು ತೆರಿಗೆಯೇ 12,000 ರೂ.ಗಳ ಸುಮಾರಿಗೆ ಬರುತ್ತದೆ. ಇದೇ 30,000 ರೂ.ಗಳನ್ನು ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ ಪಡೆದು ವಾಯಿದೆಯೊಳಗೆ ಕಟ್ಟಿದ್ದರೆ ಹತ್ತು ತಿಂಗಳ ಬಡ್ಡಿ 1,000 ರೂ. ಅಷ್ಟಕ್ಕೂ ಆ 30,000ದ ಖರ್ಚಿಗೆ ಅವರಿಗೆ ದೊರೆತ ಬಹುಮಾನದ ಪಾಯಿಂಟುಗಳ ಬೆಲೆ ಎಷ್ಟು ಗೊತ್ತೇ? 150 ರೂ.

ಈ 150 ರೂ.ಗಳ ಲೆಕ್ಕವನ್ನೂ ಬಿಡಿಸಿ ಹೇಳುವುದು ಒಳ್ಳೆಯದು, ಏಕೆಂದರೆ ಕರಪತ್ರದಲ್ಲಿ ಅದನ್ನು ರೂಪಾಯಿಯಲ್ಲಿ ಬರೆದಿರುವುದಿಲ್ಲ. “ನೂರು ರೂಪಾಯಿಗೆ 2 ಪಾಯಿಂಟು” ಎಂದು ದೊಡ್ಡ ಅಕ್ಷರದಲ್ಲಿರುತ್ತದೆ. ಒಂದು ಪಾಯಿಂಟಿಗೆ 25 ಪೈಸೆ ಎಂಬುದು ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಅಂದರೆ ನೂರಕ್ಕೆ 50 ಪೈಸೆ. ವಾರ್ಷಿಕ ಶುಲ್ಕ 499 ರೂ. ಇದ್ದರೆ ತೆರಿಗೆ ಸೇರಿ 589 ರೂ. ಆಯಿತು. ಆ ಶುಲ್ಕ ಹುಟ್ಟಬೇಕಾದರೇ ವರ್ಷಕ್ಕೆ ಸುಮಾರು 1,18,000 ರೂ. ಖರ್ಚು ಮಾಡಬೇಕು. ಅದರ ನಂತರ ಬಂದದ್ದಷ್ಟೇ ಲಾಭ. ಎಷ್ಟೋ ಕಾರ್ಡುಗಳಲ್ಲಿ ಡೀಸೆಲ್, ವಿಮೆ, ಬಾಡಿಗೆ ಮುಂತಾದ ಖರ್ಚಿಗೆ ಪಾಯಿಂಟೇ ಇಲ್ಲ. ಅಂಗಡಿಯವನು “ಕಾರ್ಡಾದರೆ ನೂರಕ್ಕೆ ಎರಡು ರೂಪಾಯಿ ಹೆಚ್ಚು” ಎಂದನೋ, ಅಲ್ಲಿಗೆ ನಾಲ್ಕು ಸಲದ ಪಾಯಿಂಟು ಒಂದೇ ಸಲಕ್ಕೆ ಹೋಯಿತು. ಕಾರ್ಡಿನಿಂದ ಎ.ಟಿ.ಎಂ.ನಲ್ಲಿ ನಗದು ತೆಗೆಯುವ ಯೋಚನೆಯಂತೂ ಬೇಡವೇ ಬೇಡ. ಅದಕ್ಕೆ ಬಡ್ಡಿರಹಿತ ದಿನವೊಂದೂ ಇಲ್ಲ, ಮೇಲೆ ಪ್ರತ್ಯೇಕ ಶುಲ್ಕ ಬೇರೆ.

ಗೊಬ್ಬರದಂಗಡಿಯಲ್ಲಿ ನಾವು ಹೆಬ್ಬೆಟ್ಟು ಒತ್ತುವ ಯಂತ್ರ ಸರಕಾರದ ಸಹಾಯಧನದ ಲೆಕ್ಕಕ್ಕೆ ಇರುವುದು, ಕಾರ್ಡು ಉಜ್ಜುವ ಯಂತ್ರವಲ್ಲ. ಇದನ್ನು ಕೇಳಿದವರು ಒಬ್ಬಿಬ್ಬರಲ್ಲ, ಆದುದರಿಂದ ಬರೆದೆ.

ನಮಗಿರುವ ಕಾರ್ಡು

ನಿಜವಾದ ಬಹುಮಾನ ಕೊಡುವ ಕಾರ್ಡು ನಮ್ಮಲ್ಲಿ ಅನೇಕರ ಪೆಟ್ಟಿಗೆಯಲ್ಲೇ ಇದೆ. 1998ರಲ್ಲಿ ಆರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡು ಅದು. 3 ಲಕ್ಷ ರೂ.ವರೆಗಿನ ಬೆಳೆ ಸಾಲಕ್ಕೆ ಬಡ್ಡಿ ನೂರಕ್ಕೆ 7. ವಾಯಿದೆಯೊಳಗೆ ಕಟ್ಟಿದವರಿಗೆ ನೂರಕ್ಕೆ 3 ರಿಯಾಯಿತಿ. ಆಗ ಬೀಳುವುದು 4 ಮಾತ್ರ. 2025-26ನೇ ಸಾಲಿಗೂ ಕೇಂದ್ರ ಸರಕಾರ ಈ ಯೋಜನೆಯನ್ನು ಮುಂದುವರಿಸಿತು. 3 ಲಕ್ಷದ ಮಿತಿಯನ್ನು 5 ಲಕ್ಷಕ್ಕೆ ಏರಿಸುವ ಮಾತು 2025ರ ಬಜೆಟ್ಟಿನಲ್ಲಿ ಬಂದಿದೆ; ತಮ್ಮ ಬ್ಯಾಂಕಿನಲ್ಲಿ ವಿಚಾರಿಸಿಕೊಳ್ಳಿ. ಅಡಮಾನವಿಲ್ಲದೆ ಪಡೆಯಬಹುದಾದ ಕೃಷಿ ಸಾಲದ ಮಿತಿ 2025ರ ಜನವರಿ 1ರಿಂದ 1.60 ಲಕ್ಷದಿಂದ 2 ಲಕ್ಷಕ್ಕೆ ಏರಿದೆ. ಕರ್ನಾಟಕದ ಸಹಕಾರ ಸಂಘಗಳಲ್ಲಿ ಅಲ್ಪಾವಧಿ ಬೆಳೆ ಸಾಲಕ್ಕೆ ಬಡ್ಡಿಯೇ ಇಲ್ಲ. ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸುವುದಾಗಿ ರಾಜ್ಯ ಸರಕಾರ 2023-24ರ ಬಜೆಟ್ಟಿನಲ್ಲಿ ಪ್ರಕಟಿಸಿತು. ವಾಯಿದೆ ತಪ್ಪಿದರೆ ಮಾತ್ರ ಈ ಸೌಲಭ್ಯ ಕೈತಪ್ಪುತ್ತದೆ.

3 ಲಕ್ಷಕ್ಕೆ ನೂರಕ್ಕೆ ಮೂರರ ರಿಯಾಯಿತಿ ಎಂದರೆ ವರ್ಷಕ್ಕೆ 9,000 ರೂ. ಆ ಬಣ್ಣದ ಕಾರ್ಡಿನ ಪಾಯಿಂಟುಗಳಲ್ಲಿ 9,000 ರೂ. ಗಳಿಸಬೇಕಾದರೆ ವರ್ಷಕ್ಕೆ 18 ಲಕ್ಷ ರೂ. ಖರ್ಚು ಮಾಡಬೇಕು. ಇದನ್ನು ಕೊಳವಳ್ಳಿಯ ಜಗುಲಿಯಲ್ಲಿ ಹೇಳಿದಾಗ ಸದಸ್ಯರ ತಾಯಿಯವರು ಒಳಗಿನಿಂದಲೇ ನಕ್ಕರು.

ಆದರೆ ಈ 4ರ ಬಡ್ಡಿ ಉಳಿಯುವುದು ವಾಯಿದೆ ಉಳಿದರೆ. ಹೊಸ ಸಾಲ ದೊರೆಯುವುದು ತಮ್ಮ ಸಾಲದ ಚರಿತ್ರೆ ಸರಿಯಿದ್ದರೆ. ಅಲ್ಲಿಗೆ ಬರೋಣ.

ಸ್ಕೋರ್ ಎಂದರೇನು?

ಬ್ಯಾಂಕುಗಳು, ಸಹಕಾರಿ ಬ್ಯಾಂಕುಗಳು, ಚಿನ್ನದ ಸಾಲ ಮತ್ತು ಟ್ರ್ಯಾಕ್ಟರ್ ಸಾಲದ ಕಂಪನಿಗಳು ಕೊಟ್ಟ ಸಾಲದ ಲೆಕ್ಕವನ್ನು ಕೂಡಿಡುವ ನಾಲ್ಕು ಸಂಸ್ಥೆಗಳು ನಮ್ಮ ದೇಶದಲ್ಲಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈಮಾರ್ಕ್. ಇವುಗಳಲ್ಲಿ ಮೊದಲಿನದು 2000ದಲ್ಲಿ ಹುಟ್ಟಿದ್ದರಿಂದ ಜನ ಎಲ್ಲಕ್ಕೂ “ಸಿಬಿಲ್” ಎಂದೇ ಹೇಳುತ್ತಾರೆ. 2005ರ ಕಾನೂನಿನ ಪ್ರಕಾರ ಇವು ರಿಸರ್ವ್ ಬ್ಯಾಂಕಿನ ಹತೋಟಿಯಲ್ಲಿ ನಡೆಯುತ್ತವೆ. ನಾವು ಯಾವ ಸಾಲ ಯಾವಾಗ ತೆಗೆದೆವು, ಯಾವ ಕಂತು ಎಷ್ಟು ದಿನ ತಡವಾಯಿತು ಎಂಬುದೆಲ್ಲ ಅಲ್ಲಿ ದಾಖಲಾಗಿ, 300 ರಿಂದ 900ರವರೆಗಿನ ಒಂದು ಅಂಕವಾಗಿ ಹೊರಬರುತ್ತದೆ. 750ರ ಮೇಲಿದ್ದರೆ ಬ್ಯಾಂಕಿನವರು ಸಾಮಾನ್ಯವಾಗಿ ಒಳ್ಳೆಯದೆನ್ನುತ್ತಾರೆ.

ಶಾಲೆಯ ಹಾಜರಿ ಪುಸ್ತಕದಂತೆ ಈ ವರದಿಯಲ್ಲಿ ತಿಂಗಳಿಗೊಂದು ಮನೆ ಇರುತ್ತದೆ. ಮನೆಯಲ್ಲಿ 000 ಎಂದಿದ್ದರೆ ಆ ತಿಂಗಳು ಬಾಕಿಯಿಲ್ಲ. 030 ಎಂದಿದ್ದರೆ ಮೂವತ್ತು ದಿನ ತಡ. ಸಿಬಿಲ್ ವರದಿಯಲ್ಲಿ ಹೀಗೆ 36 ತಿಂಗಳುಗಳವರೆಗೆ ಕಾಣುತ್ತದೆ. ಆದುದರಿಂದ ಇವತ್ತಿನ ಒಂದು ತಪ್ಪು ಮುಂದಿನ ಎರಡು ಮೂರು ಹಂಗಾಮುಗಳವರೆಗೆ ಬ್ಯಾಂಕಿನವರ ಕಣ್ಣಿಗೆ ಬೀಳುತ್ತಿರುತ್ತದೆ. 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ಲೆಕ್ಕ ಕಳಿಸಬೇಕು. ಮೊದಲಿನಂತೆ ಇಡೀ ತಿಂಗಳು ಕಾಯುವುದಿಲ್ಲ. ಕಾರ್ಡಿನ ಬಿಲ್ಲಿನಲ್ಲಿ ಮಾತ್ರ ರಿಸರ್ವ್ ಬ್ಯಾಂಕು ಸ್ವಲ್ಪ ಸಡಿಲ ಕೊಟ್ಟಿದೆ: ಕಡೆಯ ದಿನಾಂಕ ಕಳೆದು ಮೂರು ದಿನ ಮೀರಿದ ಮೇಲೆಯೇ ಸುಸ್ತಿ ಎಂದು ವರದಿ ಮಾಡಬೇಕು. ಸರ್ವರ್ ಕೆಟ್ಟಿತ್ತು, ನೆಟ್‌ವರ್ಕ್ ಇರಲಿಲ್ಲ ಎಂಬ ದಿನಗಳಿಗೆ ಇದು ಉಪಯೋಗ.

ಅಂಕ ಇಳಿಸುವ ಇನ್ನೆರಡು ಸಂಗತಿಗಳಿವೆ. ಕಾರ್ಡಿನ ಮಿತಿ 20,000 ಇದ್ದು ತಿಂಗಳು ತಿಂಗಳೂ 18,000 ಬಳಸುತ್ತಿದ್ದರೆ, ಪೂರ್ತಿ ಕಟ್ಟುತ್ತಿದ್ದರೂ, ಈತನಿಗೆ ಹಣದ ಬಿಕ್ಕಟ್ಟು ಇರಬಹುದೆಂಬ ಗುರುತು ಬೀಳುತ್ತದೆ. ಮಿತಿಯ ಮೂರರಲ್ಲೊಂದು ಭಾಗ ದಾಟದಿರುವುದು ಕ್ಷೇಮ. ಎರಡನೆಯದು, ಸಾಲಕ್ಕೋ ಕಾರ್ಡಿಗೋ ಒಂದೊಂದು ಅರ್ಜಿ ಹಾಕಿದಾಗಲೂ ಬ್ಯಾಂಕು ವರದಿಯನ್ನು ತರಿಸಿ ನೋಡುತ್ತದೆ, ಆ ವಿಚಾರಣೆಯೂ ದಾಖಲಾಗುತ್ತದೆ. ಒಂದೇ ತಿಂಗಳಲ್ಲಿ ಮೂರು ಬ್ಯಾಂಕಿನ ವಿಚಾರಣೆ ಕಂಡರೆ ನಾಲ್ಕನೆಯ ಬ್ಯಾಂಕು ಹುಬ್ಬೇರಿಸುತ್ತದೆ. “ಮೂರಕ್ಕೂ ಅರ್ಜಿ ಹಾಕಿ ನೋಡೋಣ” ಎಂಬುದಕ್ಕೆ ನಾನು ಬೇಡವೆಂದದ್ದು ಇದಕ್ಕಾಗಿ. ನಮ್ಮ ವರದಿಯನ್ನು ನಾವೇ ತರಿಸಿ ನೋಡಿದರೆ ಅಂಕ ಇಳಿಯುವುದಿಲ್ಲ.

ವರದಿಯಲ್ಲಿ ಕಂಡದ್ದು

“ಹಾಗಾದ್ರೆ ಮೊದ್ಲು ನನ್ನದು ನೋಡೇಬಿಡಾಣ” ಎಂದರು ಸದಸ್ಯರು. ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬುದು 2017ರಿಂದ ಜಾರಿಯಲ್ಲಿರುವ ನಿಯಮ. ಕಾಲೇಜಿಗೆ ಹೋಗುವ ಅವರ ಮಗಳು ಮೊಬೈಲಿನಲ್ಲಿ ಅವರ ಪ್ಯಾನ್ ನಂಬರು ಹಾಕಿ, ಅವರಿಗೆ ಬಂದ ಒ.ಟಿ.ಪಿ. ಅವರಿಂದಲೇ ಒತ್ತಿಸಿ, ಅರ್ಧ ಗಂಟೆಯಲ್ಲಿ ವರದಿ ತೆರೆದಳು.

ಅಂಕ 640ರ ಆಸುಪಾಸಿನಲ್ಲಿತ್ತು. ಅವರಿಗೆ ನಂಬಿಕೆಯಾಗಲಿಲ್ಲ. ಬೆಳೆ ಸಾಲವನ್ನು ಒಂದು ಸಲವೂ ತಪ್ಪಿಸಿದವರಲ್ಲ ಅವರು. ಬೆಳೆ ಸಾಲದ ಮನೆಗಳೆಲ್ಲ 000 ಎಂದೇ ಇದ್ದವು. ಕೆಳಗೆ ಇನ್ನೊಂದು ಖಾತೆ ಇತ್ತು. ಟ್ರ್ಯಾಕ್ಟರ್ ಸಾಲ. ಅದರ ಮುಂದೆ “ಜಾಮೀನುದಾರ” ಎಂಬ ಗುರುತು. ಮನೆಗಳಲ್ಲಿ 061, 092 ಎಂದು ಏರುತ್ತಾ ಹೋದ ಅಂಕಿಗಳು.

ಚಿಕ್ಕಪ್ಪನ ಮಗ ಟ್ರ್ಯಾಕ್ಟರ್ ಕೊಂಡಾಗ ಇವರು ಹೋಗಿ ಸಹಿ ಹಾಕಿದ್ದರು. ಅದು ಮರೆತೇ ಹೋಗಿತ್ತು. ಆತನ ಕಂತು ನಿಂತದ್ದು ಇವರಿಗೆ ಯಾರೂ ಹೇಳಿರಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮಗಳ ನರ್ಸಿಂಗ್ ಓದಿಗೆ ಮುಂದಿನ ವರ್ಷ ಶಿಕ್ಷಣ ಸಾಲಕ್ಕೆ ಹೋಗುವ ಯೋಚನೆ ಆ ಮನೆಯಲ್ಲಿತ್ತು. ಶಿಕ್ಷಣ ಸಾಲಕ್ಕೆ ತಂದೆ ಜೊತೆ ಅರ್ಜಿದಾರನಾಗಬೇಕು, ಬ್ಯಾಂಕು ನೋಡುವುದು ತಂದೆಯ ಈ ಕಾಗದವನ್ನೇ. ಶಿಕ್ಷಣ ಸಾಲವನ್ನು ಸ್ಕೋರ್ ಕಡಿಮೆಯೆಂಬ ಕಾರಣಕ್ಕೆ ನಿರಾಕರಿಸಕೂಡದೆಂದು ಕೇರಳ ಹೈಕೋರ್ಟು 2023ರಲ್ಲಿ ಒಂದು ಪ್ರಕರಣದಲ್ಲಿ ಹೇಳಿದೆ ನಿಜ. ಆದರೆ ಪ್ರವೇಶದ ಶುಲ್ಕ ಕಟ್ಟುವ ವಾರದಲ್ಲಿ ಹೈಕೋರ್ಟಿಗೆ ಹೋಗುವ ಶಕ್ತಿ ನಮ್ಮಲ್ಲಿ ಎಷ್ಟು ಜನಕ್ಕಿದೆ?

ಸಹಕಾರ ಕ್ಷೇತ್ರದಲ್ಲಿ ಒಬ್ಬರಿಗೊಬ್ಬರು ಜಾಮೀನು ನಿಲ್ಲುವುದು ನಮ್ಮ ಬಲ, ಅದನ್ನು ಬಿಡಿ ಎಂದು ಹೇಳಲಾರೆ. ಆದರೆ ಜಾಮೀನು ಹಾಕಿದ ಸಾಲವೂ ನಮ್ಮ ಕಾಗದದಲ್ಲಿ ನಮ್ಮ ಸಾಲದಂತೆಯೇ ಕಾಣುತ್ತದೆ. ಸಹಿ ಹಾಕಿದವರು ಆರು ತಿಂಗಳಿಗೊಮ್ಮೆಯಾದರೂ “ಕಂತು ಹೇಗಿದೆಯಪ್ಪಾ” ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಈ ಸದಸ್ಯರ ಮಟ್ಟಿಗೆ ಆದದ್ದು ಇಷ್ಟು: ಮೆಣಸು ಮಾರಿದ ಹಣದಲ್ಲಿ ಅರ್ಧ ಇವರು ಹಾಕಿದರು, ಉಳಿದರ್ಧ ಆತ ತಂದ, ತಡವಾದ ಕಂತು ತೀರಿತು. ಅಂಕ ಒಂದೇ ದಿನಕ್ಕೆ ಏರುವುದಿಲ್ಲ, 000 ಎಂಬ ಮನೆಗಳು ಒಂದರ ಪಕ್ಕ ಒಂದು ತುಂಬಬೇಕು. ಕಾರ್ಡಿನ ಅರ್ಜಿಯನ್ನು ಅಲ್ಲಿಯವರೆಗೆ ಮುಂದಕ್ಕೆ ಹಾಕಿದ್ದಾರೆ.

ವರದಿಯಲ್ಲಿ ತಾವು ಎತ್ತದ ಸಾಲ ಕಂಡರೆ, ಅಥವಾ ತೀರಿಸಿದ ಸಾಲ ಇನ್ನೂ ಬಾಕಿಯೆಂದು ಕಂಡರೆ ಆ ಸಂಸ್ಥೆಗೂ ಬ್ಯಾಂಕಿಗೂ ಬರಹದಲ್ಲಿ ದೂರು ಕೊಡಬೇಕು. 30 ದಿನಗಳೊಳಗೆ ಸರಿಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂ.ನಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಕಟಾವು ಮತ್ತು ಸಾಗಣೆಯ ಕರಾರಿನ ಕಾಗದ ಎಂದುಕೊಂಡು ಓದದೆ ಸಹಿ ಹಾಕಿದ್ದು ಬ್ಯಾಂಕಿನಲ್ಲಿ ಸಾಲದ ಅರ್ಜಿಯಾಗಿದ್ದ ಸಂಗತಿಗಳನ್ನು ನಾವು ಕೇಳಿದ್ದೇವೆ. ಅಂತಹುದೂ ಈ ವರದಿಯಲ್ಲೇ ಹೊರಬೀಳುವುದು.

ಮನ್ನಾ ಮತ್ತು ರಾಜಿ ಇತ್ಯರ್ಥ

ವಯನಾಡಿನ ಸದಸ್ಯರಿಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಮೆಣಸಿನ ಸೊರಗು ರೋಗ ಮತ್ತು ಬೆಲೆ ಕುಸಿತದಿಂದ ಆ ಜಿಲ್ಲೆ ಸಾಲದಲ್ಲಿ ಮುಳುಗಿ, 2006ರಲ್ಲಿ ಪ್ರಧಾನಮಂತ್ರಿಗಳ ಪುನಶ್ಚೇತನ ಯೋಜನೆಗೆ ಆರಿಸಿದ ದೇಶದ 31 ಜಿಲ್ಲೆಗಳಲ್ಲಿ ಒಂದಾಯಿತು. ಕರ್ನಾಟಕದ ಆರು ಜಿಲ್ಲೆಗಳೂ ಆ ಪಟ್ಟಿಯಲ್ಲಿದ್ದವು. ಕೇರಳದ ರೈತರ ಋಣಪರಿಹಾರ ಆಯೋಗದ ಕಾಯಿದೆಯೂ ಅದೇ 2006ರದು. ಕಷ್ಟಕಾಲದಲ್ಲಿ ಇಂತಹ ನೆರವು ಪಡೆಯುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಬ್ಯಾಂಕಿನವರು “ಇಷ್ಟು ಕಟ್ಟಿ, ಉಳಿದದ್ದು ಬಿಟ್ಟೆವು” ಎಂದು ಒಂದೇ ಗಂಟಿನ ರಾಜಿಗೆ ಕರೆದಾಗ, ಖಾತೆಯ ಮುಂದೆ “ಮುಕ್ತಾಯ” ಎಂದು ಬರೆಯುತ್ತಾರೋ “ಸೆಟಲ್ಡ್” ಎಂದು ಬರೆಯುತ್ತಾರೋ ಕೇಳಿಕೊಳ್ಳಬೇಕು. “ಸೆಟಲ್ಡ್” ಎಂದರೆ ಪೂರ್ತಿ ಕಟ್ಟಲಿಲ್ಲ ಎಂದರ್ಥ, ಮುಂದಿನ ಸಾಲಕ್ಕೆ ಅದು ಅಡ್ಡ ಬರುತ್ತದೆ. ಕಾರ್ಡಿನ ಬಾಕಿಯಲ್ಲಿ ಇಂತಹ ರಾಜಿಗೆ ಫೋನ್ ಮಾಡುವವರು ಬಹಳ. ಶಕ್ತಿಯಿದ್ದರೆ ಕಂತು ಮಾಡಿಸಿಕೊಂಡು ಪೂರ್ತಿ ಕಟ್ಟುವುದು ಲೇಸು. ಯಾವುದೇ ಆಗಲಿ, ಬಾಕಿ ಇಲ್ಲವೆಂಬ ಪತ್ರವನ್ನು ಕೈಗೆ ಪಡೆಯದೆ ಏಳಬೇಡಿ.

ಬಾಯಿಮಾತಿನ ಗುತ್ತಿಗೆಯ ವಿಷಯವೂ ಇಲ್ಲೇ ಹೇಳಬೇಕು. ಕರ್ನಾಟಕದ ಭೂಸುಧಾರಣಾ ಕಾನೂನಿನಿಂದಾಗಿ ಶುಂಠಿಯ ಗುತ್ತಿಗೆಗೆ ಕಾಗದ ಸಿಗುವುದು ಕಷ್ಟ. ಪಹಣಿ ಜಮೀನಿನ ಒಡೆಯರ ಹೆಸರಿನಲ್ಲಿರುತ್ತದೆ. ಹಾಗಾಗಿ ಈ ಬೆಳೆಗಾರರು ಚಿನ್ನದ ಸಾಲಕ್ಕೂ ಕಾರ್ಡಿಗೂ ಬೇಗ ಕೈಹಾಕುತ್ತಾರೆ. ಕಿಸಾನ್ ಕಾರ್ಡಿನ ನಿಯಮದಲ್ಲಿ ಬಾಯಿಮಾತಿನ ಗೇಣಿದಾರರಿಗೂ ಅವಕಾಶವಿದೆ. ನಾಲ್ಕರಿಂದ ಹತ್ತು ಜನ ಸೇರಿ ಜಂಟಿ ಬಾಧ್ಯತಾ ಗುಂಪು ಮಾಡಿಕೊಂಡರೆ ಬ್ಯಾಂಕು ಸಾಲ ಕೊಡುವ ಏರ್ಪಾಡೂ ಇದೆ. ಶಾಖೆಯಲ್ಲಿ ಮೊದಲ ಸಲ “ಆಗುವುದಿಲ್ಲ” ಎಂದರೂ ಎರಡನೆಯ ಸಲ ಕೇಳಿ.

ನಮ್ಮ ಬಿಲ್ಲು ತಡವಾದರೆ?

ಇದನ್ನು ಕಾರ್ಖಾನೆಯ ಪತ್ರಿಕೆಯಲ್ಲೇ ಬರೆಯುವುದು ಕೆಲವರಿಗೆ ಹಿಡಿಸದಿರಬಹುದು. ಆದರೂ ಬರೆಯಬೇಕು. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ತಲುಪಿಸಿದ 14 ದಿನಗಳೊಳಗೆ ಹಣ ಪಾವತಿಯಾಗಬೇಕು, ತಪ್ಪಿದರೆ ವರ್ಷಕ್ಕೆ ನೂರಕ್ಕೆ 15ರ ಬಡ್ಡಿ ಕೊಡಬೇಕು. ಆದರೆ ಸಾಲ ಕೊಟ್ಟ ಬ್ಯಾಂಕಿಗೆ ಈ ಆದೇಶ ಸಂಬಂಧವಿಲ್ಲ. ಕಟಾವು ತಡವಾಯಿತು, ಬಿಲ್ಲು ತಡವಾಯಿತು ಎಂಬುದು ವರದಿಯ ಮನೆಯಲ್ಲಿ ಬರೆಯುವುದಿಲ್ಲ. 030 ಎಂದಷ್ಟೇ ಬರೆಯುತ್ತದೆ. ಬಿಲ್ಲಿನಲ್ಲಿ ಸಾಲದ ಕಡಿತವಾದವರೂ ಗಮನಿಸಬೇಕು: ನಮ್ಮ ಪಟ್ಟಿಯಲ್ಲಿ ಕಡಿತವಾದ ದಿನ ಲೆಕ್ಕಕ್ಕಿಲ್ಲ, ಬ್ಯಾಂಕಿನ ಖಾತೆಗೆ ಜಮೆಯಾದ ದಿನವೇ ಲೆಕ್ಕ. ಬಿಲ್ಲಿನ ಚೀಟಿ ಕೈಗೆ ಬಂದ ವಾರದಲ್ಲಿ ಪಾಸ್‌ಬುಕ್ಕಿನಲ್ಲಿ ಜಮೆ ಬರೆಸಿ ನೋಡಿ. ಬಂದಿಲ್ಲವಾದರೆ ವಿಭಾಗದ ಕಚೇರಿಗೆ ಆ ದಿನವೇ ತಿಳಿಸಿ.

ಇನ್ನೊಂದು ತೊಡಕು ಬೆಳೆಯದೇ. ಬಡ್ಡಿ ರಿಯಾಯಿತಿ ಸಿಗುವುದು ಹೆಚ್ಚೆಂದರೆ ಒಂದು ವರ್ಷದ ಅವಧಿಗೆ. ನಾಟಿ ಕಬ್ಬು ಕಟಾವಿಗೆ ಬರುವಾಗ ಹನ್ನೆರಡು ತಿಂಗಳು ದಾಟಿ, ಕೆಲವೊಮ್ಮೆ ಹದಿನಾಲ್ಕಾಗುತ್ತದೆ. ನಾಟಿಯ ದಿನವೇ ಪೂರ್ತಿ ಸಾಲ ಎತ್ತಿದವರಿಗೆ ಬಿಲ್ಲು ಬರುವ ಮೊದಲೇ ವಾಯಿದೆ ಬಂದುಬಿಡುತ್ತದೆ. ಕಿಸಾನ್ ಕಾರ್ಡು ಬೇಕಾದಾಗ ಬೇಕಾದಷ್ಟು ತೆಗೆಯುವ ಖಾತೆ. ಬೀಜ, ಉಳುಮೆಗೆ ಬೇಕಾದುದನ್ನು ಮೊದಲು ತೆಗೆದು, ಮೇಲುಗೊಬ್ಬರದ ಹಣವನ್ನು ಮಣ್ಣು ಏರಿಸುವ ವೇಳೆಗೆ ತೆಗೆಯಿರಿ. ಬಡ್ಡಿಯೂ ಉಳಿಯಿತು. ವಾಯಿದೆಯ ದಿನಾಂಕವನ್ನು ಮಂಜೂರಾತಿಯ ವೇಳೆಯಲ್ಲೇ ಮ್ಯಾನೇಜರರನ್ನು ಕೇಳಿ, ನೋಂದಣಿ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಬೆಳೆ ಸಾಲಕ್ಕೆ ಸ್ಕೋರ್ ನೋಡಬೇಕೇ ಎಂಬ ತಕರಾರು ಎಲ್ಲ ಕಡೆ ಇದೆ. ಮಹಾರಾಷ್ಟ್ರದಲ್ಲಿ ಮುಖ್ಯಮಂತ್ರಿಗಳೇ 2025ರಲ್ಲಿ ಬೆಳೆ ಸಾಲಕ್ಕೆ ಸಿಬಿಲ್ ಒತ್ತಾಯಿಸಬೇಡಿರೆಂದು ಬ್ಯಾಂಕುಗಳಿಗೆ ಹೇಳಿದರು. ಮಳೆ, ಬೆಲೆ, ಕಟಾವಿನ ಸರದಿ ಇವು ಯಾವುವೂ ರೈತನ ಕೈಯಲ್ಲಿಲ್ಲದಿರುವಾಗ ಸಂಬಳದವರ ಅಳತೆಗೋಲಿನಿಂದ ರೈತನನ್ನು ಅಳೆಯುವುದು ನ್ಯಾಯವಲ್ಲವೆಂಬುದು ನನ್ನ ಅಭಿಪ್ರಾಯವೂ ಹೌದು. ಆದರೆ ಅಳತೆಗೋಲು ಇರುವವರೆಗೆ ಅದನ್ನು ತಿಳಿದಿರಬೇಕು. ಎಂದೂ ಸಾಲ ಮಾಡದವರ ಅರ್ಜಿಯನ್ನು ಚರಿತ್ರೆಯಿಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕು ಹೇಳಿರುವುದನ್ನು ನಮ್ಮ ಯುವ ಸದಸ್ಯರು ನೆನಪಿಡಬೇಕು.

ಹಾಗಾದರೆ ಯಾರಿಗೆ ಯಾವ ಕಾರ್ಡು?

ಬರೇ ಕಬ್ಬಿನ ಆದಾಯದವರಿಗೆ, ತಿಂಗಳ ವರಮಾನವಿಲ್ಲದವರಿಗೆ, ಯಾವುದೂ ಬೇಡ ಎಂಬುದೇ ನನ್ನ ಉತ್ತರ. ಕಬ್ಬಿನ ಹಣ ವರ್ಷಕ್ಕೊಮ್ಮೆ, ಕಾರ್ಡಿನ ಬಿಲ್ಲು ತಿಂಗಳಿಗೊಮ್ಮೆ. ಈ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದರೆ ಉಳುಮೆ ನೇರ ಹೋಗುವುದಿಲ್ಲ. ಹಾಲಿನ ಬಟವಾಡೆ, ರೇಷ್ಮೆ, ತರಕಾರಿ, ಮನೆಯಲ್ಲೊಬ್ಬರ ಸಂಬಳ ಹೀಗೆ ತಿಂಗಳು ತಿಂಗಳೂ ಬರುವ ಹಣವಿರುವವರು ಒಂದು ಕಾರ್ಡು ಇಟ್ಟುಕೊಳ್ಳಬಹುದು. ಆ ತಿಂಗಳ ಹಣದಷ್ಟೇ ಅದರ ಖರ್ಚಿನ ಮಿತಿ. ಕೊಳವಳ್ಳಿಯ ಸದಸ್ಯರಿಗೆ ಹಸುಗಳ ಹಾಲಿನ ಹಣ ಎಷ್ಟು ಬರುತ್ತದೋ ಅದರೊಳಗೆ ಎಂದು ಹೇಳಿದೆ.

ಕಾರ್ಡು ಜೀವಮಾನವಿಡೀ ವಾರ್ಷಿಕ ಶುಲ್ಕವಿಲ್ಲದ್ದಿರಲಿ. “ಮೊದಲ ವರ್ಷ ಶುಲ್ಕವಿಲ್ಲ” ಎಂಬುದು ಬೇರೆ. ರುಪೇ ಕಾರ್ಡಾದರೆ ಯು.ಪಿ.ಐ.ಗೆ ಜೋಡಿಸಿ ಊರಿನ ಅಂಗಡಿಯ ಕ್ಯೂ.ಆರ್. ಹಲಗೆಯಲ್ಲೂ ಬಳಸಬಹುದು; 2022ರಿಂದ ಈ ಸೌಲಭ್ಯ ಬಂದಿದೆ. ನಮಗೆ ಉಪಯೋಗವಾಗುವ ಬಹುಮಾನ ಡೀಸೆಲಿನದು: ಬಂಕಿನಲ್ಲಿ ಕಾರ್ಡಿಗೆ ಬೀಳುವ ನೂರಕ್ಕೆ ಒಂದರ ಹೆಚ್ಚುವರಿ ಶುಲ್ಕ ಮನ್ನಾ. ಅದೂ ಒಂದು ಸಲಕ್ಕೆ ಇಂತಿಷ್ಟು ರೂಪಾಯಿಯಿಂದ ಇಂತಿಷ್ಟರವರೆಗೆ ಎಂಬ ಮಿತಿಯಲ್ಲಿ. ಟ್ರ್ಯಾಕ್ಟರಿಗೆ ಒಮ್ಮೆಲೇ ತುಂಬಿಸಿ ಮಿತಿ ದಾಟಿದರೆ ಅದೂ ಇಲ್ಲ. ವಿಮಾನ ನಿಲ್ದಾಣದ ಪುಕ್ಕಟೆ ಊಟಕ್ಕೆ ಮೊದಲು ವಿಮಾನ ನಿಲ್ದಾಣಕ್ಕೆ ಹೋಗಬೇಕಲ್ಲ!

ಸ್ಕೋರ್ ಇಳಿದಿರುವವರು, ಚರಿತ್ರೆಯೇ ಇಲ್ಲದವರು ಬ್ಯಾಂಕಿನಲ್ಲಿ ಹತ್ತು ಹದಿನೈದು ಸಾವಿರ ಠೇವಣಿ ಇಟ್ಟು ಅದರ ಮೇಲೆ ಕೊಡುವ ಕಾರ್ಡು ಕೇಳಬಹುದು. ಠೇವಣಿಗೆ ಬಡ್ಡಿ ಬರುತ್ತಿರುತ್ತದೆ, ತಿಂಗಳಿಗೆ ಐನೂರು ರೂಪಾಯಿಯ ಡೀಸೆಲ್ ಹಾಕಿಸಿ ಪೂರ್ತಿ ಕಟ್ಟುತ್ತಿದ್ದರೆ 000 ಮನೆಗಳು ತುಂಬುತ್ತವೆ. ಬಿಲ್ಲಿನ ದಿನಾಂಕ ಹಾಲಿನ ಬಟವಾಡೆಗೆ ಹೊಂದದಿದ್ದರೆ ಅದನ್ನು ಬದಲಿಸಿಕೊಡಿರೆಂದು ಕೇಳುವ ಹಕ್ಕು ತಮಗಿದೆ, ಒಂದು ಸಲವಾದರೂ ಬದಲಿಸಿಕೊಡಬೇಕು. ಖಾತೆಯಿಂದ ಬಿಲ್ಲು ತಾನೇ ಕಡಿತವಾಗುವಂತೆ ಬರೆದುಕೊಡುವಾಗ “ಒಟ್ಟು ಬಾಕಿ” ಎಂಬ ಕಡೆ ಗುರುತು ಹಾಕಿ. ಕೆಲವರು ಅರಿಯದೆ “ಕನಿಷ್ಠ” ಎಂಬಲ್ಲಿ ಹಾಕಿ ಕುಳಿತಿದ್ದಾರೆ.

ಕೇಳದೆ ಬಂದ ಕಾರ್ಡನ್ನು ಸುಮ್ಮನೆ ಇಟ್ಟುಕೊಳ್ಳಬೇಡಿ, ಬೇಡವೆಂದು ಬರೆದು ಹಾಕಿ. ಒಪ್ಪಿಗೆಯಿಲ್ಲದ ಕಾರ್ಡಿಗೆ ಹಣ ಕಡಿದರೆ ಅದನ್ನು ಹಿಂದಿರುಗಿಸಿ ಅದರ ಎರಡರಷ್ಟು ದಂಡವನ್ನೂ ಬ್ಯಾಂಕು ಕೊಡಬೇಕು. ಬಾಕಿಯಿಲ್ಲದ ಕಾರ್ಡನ್ನು ಮುಚ್ಚಿರೆಂದು ಕೇಳಿದ ಏಳು ಕೆಲಸದ ದಿನಗಳೊಳಗೆ ಮುಚ್ಚದಿದ್ದರೆ ದಿನಕ್ಕೆ 500 ರೂ. ದಂಡ.

ಮುಂದಿನ ಹಂಗಾಮಿನ ಒಪ್ಪಂದ ಬರೆಸಲು ವಿಭಾಗದ ಕಚೇರಿಗೆ ಬರುವಾಗ ಪ್ಯಾನ್ ಕಾರ್ಡನ್ನೂ, ಬ್ಯಾಂಕಿಗೆ ಜೋಡಿಸಿದ ಮೊಬೈಲನ್ನೂ ತನ್ನಿ. ಉಚಿತ ವರದಿ ತೆರೆದು ಓದುವುದಕ್ಕೆ ನಮ್ಮ ಕ್ಷೇತ್ರ ಸಹಾಯಕರು ನೆರವಾಗುತ್ತಾರೆ. ಒ.ಟಿ.ಪಿ. ಮಾತ್ರ ತಾವೇ ಒತ್ತಿ, ನಮ್ಮವರಿಗೂ ಹೇಳಬೇಡಿ.